ಮನೆ ಬಿಯರ್ ತಿಳಿ ಮಾಡೋಕೆ ಫ್ರಿಜ್ಜಾ, ಐಸ್ ಟಬ್ಬಾ, ನಮ್ಮೂರ ಚಳಿನಾ?

ಫರ್ಮೆಂಟೇಶನ್, ಅಂದ್ರೆ ಯೀಸ್ಟು ಸಕ್ಕರೆ ತಿಂದು ಆಲ್ಕೋಹಾಲು, ಗ್ಯಾಸ್ ಮಾಡೋ ಕೆಲ್ಸ, ಮುಗಿದ್ಮೇಲೆ ಬಿಯರ್‌ನ ತಣ್ಣಗೆ ಇಟ್ರೆ ಯೀಸ್ಟೆಲ್ಲ ತಳಕ್ಕೆ ಕೂತು ಮೇಲೆ ತಿಳಿ ನಿಲ್ಲುತ್ತೆ ಅಂತ ಮನೇಲಿ ಬಿಯರ್ ಮಾಡೋರಿಗೆಲ್ಲ ಗೊತ್ತು, ಆದ್ರೆ ಎಷ್ಟು ತಣ್ಣಗೆ, ಎಲ್ಲಿಡೋದು ಅನ್ನೋದ್ರಲ್ಲೇ ಎಲ್ಲಾ ಇರೋದು. ನಾನು ಚಿಕ್ಕಮಗಳೂರಲ್ಲಿ ಪೇಲ್ ಏಲ್ ಅನ್ನೋ ಒಂದೇ ಥರದ ಬಿಯರ್, ಯುಎಸ್-05 ಅನ್ನೋ ಒಂದೇ ಯೀಸ್ಟು, ಅದೇ 10 ಲೀಟರ್ ಕ್ಯಾನು ಇಟ್ಕೊಂಡು ಎಲ್ಲಾ ದಾರಿನೂ ನೋಡಿದೀನಿ.

ಮೊದ್ಲು ನಮ್ಮೂರ ಚಳಿ. ಸಮುದ್ರಮಟ್ಟದಿಂದ 1000 ಮೀಟರಿಗಿಂತ ಮೇಲಿರೋ ಊರು, ಡಿಸೆಂಬರ್ ಜನವರಿ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತೆ, ಹಿಂದಿನ ರೂಮಲ್ಲಿ ಎರಡು ಮೂರು ವಾರ ಅಲ್ಲಾಡಿಸ್ದೆ ಇಟ್ರೆ ಯೀಸ್ಟು ತಾನಾಗೇ ಕೂರುತ್ತೆ, ಹಿಂದ್ಗಡೆ ಟಾರ್ಚ್ ಹಿಡಿದ್ರೆ ಬೆಳಕು ಸಲೀಸಾಗಿ ಈಚೆ ಬರುತ್ತೆ. ಖರ್ಚಿಲ್ಲ, ರಗಳೆ ಇಲ್ಲ. ಆದ್ರೆ ಅದೇ ಬಿಯರ್‌ನ ಕುಡಿಯೋಕೆ ಅಂತ ಫ್ರಿಜ್ಜಲ್ಲಿಟ್ಟು ಗ್ಲಾಸಿಗೆ ಸುರಿದ್ರೆ ಮತ್ತೆ ಮಂಜು ಮಂಜು! ಇದು ಯೀಸ್ಟಲ್ಲ, ಮಾಲ್ಟಿನ (ಮೊಳಕೆ ಬರ್ಸಿ ಒಣಗಿಸಿದ ಬಾರ್ಲಿ) ಪ್ರೋಟೀನು ಮತ್ತೆ ಅದರ ಸಿಪ್ಪೆ, ಹಾಪ್ಸಿಂದ (ಕಹಿ, ಪರಿಮಳಕ್ಕೆ ಹಾಕೋ ಹೂವು) ಬರೋ ಪಾಲಿಫಿನಾಲು ಅನ್ನೋ ಒಗರು ಅಂಶ ತಣ್ಣಗಾದಾಗ ಒಂದಕ್ಕೊಂದು ಅಂಟ್ಕೊಂಡು ಕಾಣಿಸ್ಕೊಳ್ಳೋ ಚಿಲ್ ಹೇಜು. ಆ ಗ್ಲಾಸನ್ನ ಎರಡೂ ಅಂಗೈಲಿ ಹಿಡ್ಕೊಂಡು ಸ್ವಲ್ಪ ಹೊತ್ತು ಕೂತ್ಕೊಳ್ಳಿ, ಬೆಚ್ಚಗಾಗ್ತಾ ಆಗ್ತಾ ಮಂಜು ಕರಗುತ್ತೆ. ಕರಗಿದ್ರೆ ಚಿಲ್ ಹೇಜು, ಕರಗ್ದೆ ಹಂಗೇ ಉಳಿದ್ರೆ ಹೆಚ್ಚಾಗಿ ಯೀಸ್ಟು. 15 ಡಿಗ್ರಿಲಿ ಆ ಕಣ ಸರಿಯಾಗಿ ಹುಟ್ಟೋದೇ ಇಲ್ಲ, ಹುಟ್ದೇ ಇದ್ದಿದ್ದು ತಳಕ್ಕೆ ಎಲ್ಲಿಂದ ಕೂರಬೇಕು.

ಐಸ್ ಟಬ್ ನಂಗೆ ಹಿಡಿಸ್ಲಿಲ್ಲ. ನೀರು ತುಂಬಿದ ಟಬ್ಬಲ್ಲಿ ಕ್ಯಾನ್ ಇಟ್ಟು, ಸುತ್ತ ಒದ್ದೆ ಗೋಣಿಚೀಲ ಸುತ್ತಿ, ಬೆಳಿಗ್ಗೆ ಸಂಜೆ ಫ್ರೀಜರಿಂದ ನೀರಿನ ಬಾಟಲಿ ಬದಲಾಯಿಸ್ತಾ ಇರ್ಬೇಕು, ಒಂದ್ಸಲ 5 ಡಿಗ್ರಿ, ಇನ್ನೊಂದ್ಸಲ ನೋಡಿದ್ರೆ 12. ಬೆಚ್ಚಗಾದಾಗೆಲ್ಲ ಹುಟ್ಟಿದ್ದ ಕಣ ವಾಪಸ್ ಕರಗುತ್ತೆ, ಸಾಲ್ದು ಅಂತ ಬಾಟಲಿ ಹಾಕ್ವಾಗ ಕ್ಯಾನ್ ಅಲ್ಲಾಡಿ ಗಸಿ ಏಳುತ್ತೆ. ಫ್ರಿಜ್ಜಲ್ಲಿ ಜಾಗ ಸಿಗೋದೇ ಇಲ್ಲ ಅನ್ನೋರಿಗೆ ಮಾತ್ರ.

ಫ್ರಿಜ್ಜು, ಸಾದಾ ಸಿಂಗಲ್ ಡೋರು, ತಟ್ಟೆಗಳನ್ನ ತೆಗೆದ್ರೆ ಕ್ಯಾನ್ ಸಲೀಸಾಗಿ ಕೂರುತ್ತೆ. 1-2 ಡಿಗ್ರಿಲಿ ನಾಲ್ಕೈದು ದಿನ ಬಿಟ್ರೆ ಯೀಸ್ಟೂ ಕೂರುತ್ತೆ, ಆ ಪ್ರೋಟೀನೂ ಕೂರುತ್ತೆ, ಆಮೇಲೆ ಎಷ್ಟೇ ತಣ್ಣಗೆ ಮಾಡಿ ಕುಡಿದ್ರೂ ಗ್ಲಾಸಲ್ಲಿ ತಿಳಿ ತಿಳಿನೇ. ಮಳೆಗಾಲದಲ್ಲಿ ಕರೆಂಟು ಹೋದ್ರೂ ಬಾಗಿಲು ತೆಗೀದೆ ಇದ್ರೆ 10 ಲೀಟರ್ ತಣ್ಣನೆ ಬಿಯರ್ ಅಷ್ಟು ಬೇಗ ಬಿಸಿಯಾಗಲ್ಲ. ಎಚ್ಚರ ಬೇಕಿರೋದು ಗ್ಯಾಸನ್ನ ಹೊರಗೆ ಬಿಟ್ಟು ಗಾಳಿನ ಒಳಗೆ ಬಿಡದ ನೀರಿನ ಮುಚ್ಚಳ, ಅಂದ್ರೆ ಏರ್‌ಲಾಕಿನ ಹತ್ರ, ತಣ್ಣಗಾಗ್ತಿದ್ದಂಗೆ ಒಳಗಿನ ಗ್ಯಾಸ್ ಕುಗ್ಗುತ್ತೆ, ಒಂದಷ್ಟು ಬಿಯರಿಗೇ ಸೇರ್ಕೊಳ್ಳುತ್ತೆ, ಆಗ ಏರ್‌ಲಾಕಿನ ನೀರು ಒಳಗೆ ಎಳ್ಕೊಳ್ಳುತ್ತೆ, ಹಿಂದೆನೇ ಗಾಳಿ. ಗಾಳಿ ಹೋದ್ರೆ ಹಾಪ್ಸ್ ಪರಿಮಳ ಹೋಯ್ತು, ಒದ್ದೆ ರಟ್ಟಿನ ವಾಸ್ನೆ ಬರುತ್ತೆ. ಅದಕ್ಕೆ ಫರ್ಮೆಂಟೇಶನ್ ಜೋರಾಗಿರೋವಾಗ್ಲೇ ಬಲೂನಲ್ಲಿ ಆ ಗ್ಯಾಸ್ ತುಂಬ್ಸಿಟ್ಕೊಂಡು ಫ್ರಿಜ್ಜಿಗೆ ಹೋಗ್ವಾಗ ಏರ್‌ಲಾಕ್ ಜಾಗದಲ್ಲಿ ಸಿಗಿಸ್ತೀನಿ, ಬೆಳಿಗ್ಗೆ ನೋಡಿದ್ರೆ ಬಲೂನು ಅರ್ಧ ಸೊರಗಿರುತ್ತೆ, ಅಷ್ಟು ಗಾಳಿ ಒಳಗೆ ಹೋಗೋದು ತಪ್ತು ಅಂತ ಅರ್ಥ.

ಫ್ರಿಜ್ಜಿನ ಜೊತೆಗೆ ಜೆಲಟಿನ್ನೂ ಹಾಕಿ ನೋಡಿದೀನಿ, 10 ಲೀಟರಿಗೆ ಅರ್ಧ ಟೀ ಸ್ಪೂನು, 70 ಡಿಗ್ರಿ ನೀರಲ್ಲಿ ಕರಗಿಸಿ, ಕುದಿಸ್ಬಾರ್ದು, ಆಗ್ಲೇ ತಣ್ಣಗಾಗಿರೋ ಬಿಯರಿಗೆ ಸುರಿಯೋದು. ಎರಡೇ ದಿನಕ್ಕೆ ಹೊಳೆಯುತ್ತೆ, ನೋಡೋಕೆ ಇದಕ್ಕಿಂತ ಚೆಂದ ಯಾವ್ದೂ ಬರಲ್ಲ. ಆದ್ರೆ ಅದು ಪ್ರಾಣಿ ಚರ್ಮ ಮೂಳೆಯಿಂದ ಮಾಡಿದ್ದು, ಸಸ್ಯಾಹಾರಿ ಸ್ನೇಹಿತರಿಗೆ ಹೇಳದೆ ಕೊಡೋದು ತಪ್ಪು, ಹೇಳಿದ್ರೆ ಅವರು ಕುಡಿಯಲ್ಲ. ಇನ್ನೊಂದೆರಡು ದಿನ ಕಾದ್ರೆ ಹತ್ತಿರ ಹತ್ತಿರ ಅಷ್ಟೇ ತಿಳಿ ಸಿಗೋವಾಗ ನಂಗೆ ಬರೀ ಫ್ರಿಜ್ಜೇ ಸಾಕು.

ಯಾವ ದಾರಿ ಹಿಡಿದ್ರೂ ಅವಸರ ಮಾಡ್ಬೇಡಿ, ಬಿಯರಲ್ಲಿ ಸಕ್ಕರೆ ಎಷ್ಟು ಉಳಿದಿದೆ ಅಂತ ತೋರ್ಸೋ ಹೈಡ್ರೋಮೀಟರ್ ಎರಡು ಮೂರು ದಿನ ಒಂದೇ ರೀಡಿಂಗ್ ತೋರಿಸ್ಲಿ, ಬೆಣ್ಣೆ ವಾಸ್ನೆ ಇದ್ರೆ ಅದು ಹೋಗೋವರೆಗೂ ಬೆಚ್ಚಗೇ ಇರ್ಲಿ, ಯಾಕಂದ್ರೆ ಅದನ್ನ ತಿನ್ನೋ ಯೀಸ್ಟು ತಣ್ಣಗಾದ್ರೆ ಮಲಗಿಬಿಡುತ್ತೆ. ಬಾಟಲಿಗೆ ಹಾಕ್ವಾಗ ಗ್ಯಾಸಿಗೆ ಬೇಕಾದಷ್ಟು ಯೀಸ್ಟು ಉಳಿದೇ ಇರುತ್ತೆ, ಹೆದರ್ಬೇಡಿ. ಆ ಗ್ಯಾಸಿಗಾಗಿ ಬಾಟಲಿಗೆ ಹಾಕೋ ಸಕ್ಕರೆ ಲೆಕ್ಕದಲ್ಲಿ ಮಾತ್ರ ಬಿಯರಿನ ಉಷ್ಣತೆ ಅಂತ ಫ್ರಿಜ್ಜಿನ 2 ಡಿಗ್ರಿ ಹಾಕ್ಬೇಡಿ, ಫರ್ಮೆಂಟೇಶನ್ ಮುಗಿಯೋ ಹೊತ್ತಿಗೆ ಬಿಯರ್ ಎಷ್ಟು ಬೆಚ್ಚಗಿತ್ತೋ ಅದನ್ನ ಹಾಕಿ, ಇಲ್ದಿದ್ರೆ ಸಕ್ಕರೆ ಕಮ್ಮಿ ಬಂದು ನೊರೆ ನಿಲ್ಲಲ್ಲ.