ಒಬ್ಬರೇ ಅನುವಾದ ಮಾಡುವವರು ಕಂಪನಿ ಪ್ಲಾನ್ ಕೊಳ್ಳುವ ಮುನ್ನ ಇದನ್ನು ಓದಿ

ಮನೆಯಲ್ಲೇ ಕೂತು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿ ದುಡಿಯುವವರಿಗೆ ಇದನ್ನು ಬರೆಯುತ್ತಿದ್ದೇನೆ. ಅನುವಾದದ ಸಾಫ್ಟ್‌ವೇರಿಗೆ ದುಡ್ಡು ಕಟ್ಟುವ ಮೊದಲು ಟ್ರಾನ್ಸ್‌ಲೇಶನ್ ಮೆಮೊರಿ, ಅಂದರೆ ಮೂಲ ವಾಕ್ಯ ಮತ್ತು ನಮ್ಮ ಅನುವಾದವನ್ನು ಜೋಡಿ ಜೋಡಿಯಾಗಿ ಉಳಿಸಿಡುವ ಸಂಗ್ರಹ, ಪೂರ್ತಿ ಟಿಎಂಎಕ್ಸ್ ಫೈಲ್ ಆಗಿ ನಿಮ್ಮ ಕೈಗೆ ಬರುತ್ತದಾ ಅಂತ ಕೇಳಿ. ಟಿಎಂಎಕ್ಸ್ ಅಂದರೆ ಬೇರೆ ಬೇರೆ ಅನುವಾದ ಪ್ರೋಗ್ರಾಂಗಳಲ್ಲೂ ತೆರೆಯಬಹುದಾದ ಮೆಮೊರಿ ಫೈಲು. ಉತ್ತರವನ್ನು ಮೇಲ್‌ನಲ್ಲೇ ಪಡೆಯಿರಿ.

ನಾನೂ ಕೇಳಿದ್ದೆ. 'ಎಲ್ಲಾ ಎಕ್ಸ್‌ಪೋರ್ಟ್ ಆಗುತ್ತೆ ಮೇಡಂ' ಅಂತ ಸಾಫ್ಟ್‌ವೇರ್ ಮಾರುವವರು ಫೋನಿನಲ್ಲಿ ಹೇಳಿದರು. ದೊಡ್ಡ ಫೈಲುಗಳಿಗೆ ಕಂಪನಿಗಳಿಗೆಂದು ಇರುವ ಬಿಸಿನೆಸ್ ಪ್ಲಾನೇ ಬೇಕು ಅಂತ ಹೇಳಿ ಇಡೀ ವರ್ಷದ ದುಡ್ಡನ್ನು ಒಟ್ಟಿಗೆ ಕಟ್ಟಿಸಿಕೊಂಡರು. ವರ್ಷ ಮುಗಿಯುವ ಹೊತ್ತಿಗೆ ಮೆಮೊರಿ ಇಳಿಸಿಕೊಳ್ಳಲು ಹೋದರೆ ಆ ಬಟನ್ನೇ ಇಲ್ಲ. ಅದು ಅದಕ್ಕಿಂತ ಮೇಲಿನ ಪ್ಲಾನಿನಲ್ಲಿ ಮಾತ್ರವಂತೆ, ಅದಕ್ಕೆ ಕನಿಷ್ಠ ಐದು ಸೀಟು, ಅಂದರೆ ಐದು ಜನ ಬಳಸುವ ಲೈಸೆನ್ಸ್, ಕೊಳ್ಳಬೇಕಂತೆ! ಕೆಲಸ ಮಾಡುವವಳು ನಾನೊಬ್ಬಳೇ, ಐದು ಸೀಟು ಯಾರಿಗೆ? ನಾನು ಮಾಡಿದ ಪ್ರತಿ ವಾಕ್ಯವೂ ಮೂಲದ ಜೊತೆ ಜೋಡಿಯಾಗಿ ಅವರ ಸರ್ವರ್‌ನಲ್ಲೇ ಉಳಿದಿದೆ. ಕೈಗೆ ಸಿಕ್ಕಿದ್ದು ಮುಗಿಸಿ ಕೊಟ್ಟ ವರ್ಡ್ ಫೈಲುಗಳು ಮಾತ್ರ. ಅವನ್ನು ಮತ್ತೆ ಜೋಡಿಸೋಣ ಅಂದರೆ, ಇಂಗ್ಲಿಷಿನ ಒಂದು ಉದ್ದ ವಾಕ್ಯ ಕನ್ನಡದಲ್ಲಿ ಎರಡು ಮೂರಾಗಿರುತ್ತದೆ ಅಲ್ವಾ, ಅಲ್ಲಿಂದ ಮುಂದೆ ಸಾಲು ಸಾಲೇ ತಪ್ಪಿಹೋಗುತ್ತದೆ. ಕೈಯಲ್ಲೇ ಕೂತು ಸರಿಮಾಡಬೇಕು. ಸಂಕಟವಾಗುತ್ತದೆ.

ದೊಡ್ಡ ಕಂಪನಿಗಳಿಗೆ ಇಂಥ ಪ್ಲಾನ್ ಬೇಕೇ ಬೇಕು. ಹತ್ತಾರು ಜನ ಒಂದೇ ಮೆಮೊರಿ, ಒಂದೇ ಪದಪಟ್ಟಿ ಬಳಸಬೇಕು, ಯಾರು ಯಾವ ಫೈಲ್ ನೋಡಬಹುದು ಅಂತ ಮ್ಯಾನೇಜರ್ ತೀರ್ಮಾನಿಸಬೇಕು, ಗುಟ್ಟೂ ಉಳಿಯಬೇಕು. 2017ರಲ್ಲಿ ನಾರ್ವೆಯ ತೈಲ ಕಂಪನಿ ಸ್ಟಾಟ್‌ಆಯಿಲ್‌ನವರು ಒಂದು ಉಚಿತ ಅನುವಾದ ತಾಣಕ್ಕೆ ಹಾಕಿದ್ದ ಒಪ್ಪಂದಗಳು, ನೌಕರರನ್ನು ಕೆಲಸದಿಂದ ತೆಗೆದ ಪತ್ರಗಳು ಗೂಗಲ್ ಹುಡುಕಾಟದಲ್ಲೇ ಸಿಗುತ್ತಿದ್ದವು. ನಾವು ಒಬ್ಬರೇ ಇದ್ದರೂ ಗಿರಾಕಿಯ ಕಾಗದಗಳನ್ನು ಸುಮ್ನೆ ಅಂಥ ಕಡೆ ಹಾಕಬಾರದು.

ಒಬ್ಬರ ಕೆಲಸಕ್ಕೆ ನಮ್ಮ ಕಂಪ್ಯೂಟರಿನಲ್ಲೇ ಓಡುವ ಪ್ರೋಗ್ರಾಂ ಸಾಕು. ಒಮೆಗಾಟಿ ಅನ್ನುವ ಅನುವಾದ ಪ್ರೋಗ್ರಾಂ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಮೆಮೊರಿಯನ್ನು ಟಿಎಂಎಕ್ಸ್ ಆಗಿಯೇ ನಮ್ಮ ಫೋಲ್ಡರಿನಲ್ಲಿ ಇಡುತ್ತದೆ. ಕೆಲಸ ಕೊಡುವ ಅನುವಾದ ಏಜೆನ್ಸಿಯವರು ಟ್ರಾಡೋಸ್ ಅಥವಾ ಮೆಮೊಕ್ಯೂನಂಥ ದುಡ್ಡಿನ ಪ್ರೋಗ್ರಾಂ ಬೇಕೇ ಬೇಕು ಅಂದರೆ, ಅವರ ಲೈಸೆನ್ಸ್‌ನಲ್ಲೇ ಕೆಲಸ ಮಾಡಬಹುದಾ ಅಂತ ಮೊದಲು ಕೇಳಿ. ಎಷ್ಟೋ ಏಜೆನ್ಸಿಗಳು ಕೊಡುತ್ತವೆ. ಇನ್ನು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಹಳೆಯ ಆಸ್ಕಿ ಫಾಂಟ್ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ತೋರಿಸುವ ಫಾಂಟ್) ಬಳಸಿ ಟೈಪ್ ಮಾಡಿದ ಫೈಲುಗಳಿದ್ದರೆ ಮೊದಲು ಕನ್ನಡ ಅಕ್ಷರಗಳನ್ನು ಕನ್ನಡವಾಗಿಯೇ ಉಳಿಸುವ ಯೂನಿಕೋಡಿಗೆ ಬದಲಾಯಿಸಿಕೊಳ್ಳಿ, ಇಲ್ಲದಿದ್ದರೆ ಎಷ್ಟು ದುಬಾರಿ ಸಾಫ್ಟ್‌ವೇರ್ ಆದರೂ ಅದಕ್ಕೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೇ.

ಟ್ರಯಲ್ ಇದ್ದಾಗಲೇ ಒಂದು ಚಿಕ್ಕ ಫೈಲ್ ಪೂರ್ತಿ ಮಾಡಿ, ಟಿಎಂಎಕ್ಸ್ ಇಳಿಸಿಕೊಂಡು ಬೇರೆ ಪ್ರೋಗ್ರಾಂನಲ್ಲಿ ತೆರೆದು ನೋಡಿ. ಆ ಟ್ರಯಲ್ ಯಾವ ಪ್ಲಾನಿನದು ಅಂತಲೂ ನೋಡಿಕೊಳ್ಳಿ. ನೀವು ಕೊಳ್ಳಬೇಕೆಂದಿರುವ ಪ್ಲಾನೇ ಆಗಿರಬೇಕು, ಅದಕ್ಕಿಂತ ಮೇಲಿನದಾಗಿದ್ದರೆ ನೀವು ನೋಡಿದ ಬಟನ್ ನಾಳೆ ಇರುವುದಿಲ್ಲ.