ಶಿರಿಂಜೆ, ಟರ್ಕಿ: ಊರಿಗೆ ಫುಲ್ ಮಾರ್ಕ್ಸ್, ಹಣ್ಣಿನ ವೈನಿಗೆ ಪಾಸ್ ಮಾರ್ಕ್ಸ್ ಅಷ್ಟೇ

ಪುರಾತನ ನಗರ ಎಫೆಸಸ್‌ನ ಅವಶೇಷ ನೋಡೋಕಂತ ಪಕ್ಕದ ಸೆಲ್ಚುಕ್ ಪಟ್ಟಣಕ್ಕೆ ಹೋಗೋರು ಅರ್ಧ ದಿನ ಜಾಸ್ತಿ ಇಟ್ಕೊಳ್ಳಿ, ಅಲ್ಲಿಂದ ಸುಮಾರು 8 ಕಿಲೋಮೀಟರ್ ಬೆಟ್ಟದ ದಾರೀಲಿ ಹೋದ್ರೆ ಶಿರಿಂಜೆ ಸಿಗತ್ತೆ. ಬಸ್ ಸ್ಟ್ಯಾಂಡಿಂದ ದೊಲ್ಮುಶ್ ಹೋಗತ್ತೆ, ನಮ್ಮೂರ ಮ್ಯಾಕ್ಸಿಕ್ಯಾಬ್ ಥರಾನೇ, ಟ್ಯಾಕ್ಸಿ ಏನೂ ಬೇಡ.

ಇಳಿದ ತಕ್ಷಣ ಕಾಣೋದು ಬರೀ ಅಂಗಡಿ. ಸೋಪು, ಆಲಿವ್ ಎಣ್ಣೆ, ಲೇಸು, ಮತ್ತೆ ಎಲ್ಲಿ ನೋಡಿದ್ರೂ ವೈನು. ಇದನ್ನ ನೋಡಿ ಬೇಜಾರಾಗಿ ವಾಪಸ್ ಹೋಗ್ಬೇಡಿ, ಮೇಲಕ್ಕೆ ಹತ್ತಿ. ಎರಡು ತಿರುವು ದಾಟಿದ್ಮೇಲೆ ಊರೇ ಬೇರೆ, ಸುಣ್ಣ ಹೊಡೆದ ಗೋಡೆ, ಕೆಂಪು ಹೆಂಚು, ಸಾಲಾಗಿ ಮರದ ಚೌಕಟ್ಟಿನ ಕಿಟಕಿಗಳು, ಒಂದರ ಮೇಲೊಂದು ಇಳಿಜಾರಿಗೆ ಅಂಟ್ಕೊಂಡಿರೋ ಎರಡಂತಸ್ತಿನ ಮನೆಗಳು. ಕಟ್ಟಿಸಿದೋರು ಇಲ್ಲಿದ್ದ ಗ್ರೀಕರು, ಹೆಚ್ಚಿನವು 19ನೇ ಶತಮಾನದವು. ಗ್ರೀಸ್-ಟರ್ಕಿ ಯುದ್ಧ ಆಗಿ, 1923ರಲ್ಲಿ ಟರ್ಕಿ ಮತ್ತೆ ಗ್ರೀಸ್ ಜನರನ್ನೇ ಅದಲುಬದಲು ಮಾಡ್ಕೊಳ್ಳೋ ಒಪ್ಪಂದ ಆಯ್ತಲ್ಲ, ಆ ಟೈಮಲ್ಲಿ ಇಲ್ಲಿನ ಗ್ರೀಕರು ಮನೆ ತೋಟ ಎಲ್ಲಾ ಬಿಟ್ಟು ಹೋದ್ರು, ಗ್ರೀಸ್ ಕಡೆಯಿಂದ ಬಂದ ಮುಸ್ಲಿಮರು ಅದೇ ಮನೆಗಳಲ್ಲಿ ಸಂಸಾರ ಹೂಡಿದ್ರು. ಸೇಂಟ್ ಜಾನ್ ಚರ್ಚ್ ಇನ್ನೂ ಇದೆ, ಪ್ರಾರ್ಥನೆ ಮಾಡೋ ಊರೋರೇ ಇಲ್ಲ. ಅಂಗಡಿ ಬೋರ್ಡುಗಳಲ್ಲಿ ಇದರ ಬಗ್ಗೆ ಏನೂ ಸಿಗಲ್ಲ, ಸ್ವಲ್ಪ ಓದ್ಕೊಂಡು ಹೋಗಿ.

ಈಗ ವೈನ್. ಇಲ್ಲಿ ಫೇಮಸ್ಸು ಹಣ್ಣಿನ ವೈನು, ದಾಳಿಂಬೆ, ಪೀಚು, ಕಪ್ಪು ಹಿಪ್ಪುನೇರಳೆ, ಚೆರ್ರಿ ಹೀಗೆ. ಚಿಕ್ಕ ಗ್ಲಾಸಲ್ಲಿ ರುಚಿ ನೋಡೋಕೆ ಕೊಡ್ತಾರೆ, ನಾನು ಹೋದ ಒಂದು ಅಂಗಡೀಲಿ ಮಾತ್ರ ರುಚಿ ನೋಡಿದ್ಮೇಲೆ ತಗೊಳ್ಳಲೇಬೇಕು ಅನ್ನೋ ಥರ ಮುಖ ಮಾಡಿದ್ರು, ನಕ್ಕು ಹೊರಗೆ ಬಂದೆ. ನಿಜ ಹೇಳ್ಬೇಕಂದ್ರೆ ಮುಕ್ಕಾಲು ಪಾಲು ಬರೀ ಸಿಹಿ, ಪೀಚ್ ಅಂತೂ ಒಂದು ಗುಟುಕಿಗೇ ಸಾಕಾಯ್ತು. ಹಿಪ್ಪುನೇರಳೆ ಪರವಾಗಿಲ್ಲ, ಹುಳಿ ಇದೆ, ಒಂದು ಬಾಟಲ್ ತಗೋಬಹುದು. ವೈನ್ ಕುಡಿದು ಅಭ್ಯಾಸ ಇರೋರು ದ್ರಾಕ್ಷಿ ವೈನಲ್ಲಿ ಡ್ರೈ, ಅಂದ್ರೆ ಸಿಹಿ ಇಲ್ಲದ್ದು ಕೇಳಿ, ಕುಡಿಯದೋರಿಗೆ ದಾಳಿಂಬೆ ಜ್ಯೂಸ್ ಸಿಗತ್ತೆ, ಅದು ಸೂಪರ್.

ವೆಜ್ ಜನಕ್ಕೆ ತೊಂದ್ರೆ ಇಲ್ಲ. ಪಾಲಕ್ಕು ಚೀಸ್ ತುಂಬಿ ಕಾವಲಿ ಮೇಲೆ ಬೇಯಿಸೋ ಗೋಜ್ಲೆಮೆ ರೊಟ್ಟಿ, ಆಲಿವ್ವು, ಜೇನುತುಪ್ಪ, ಟೊಮ್ಯಾಟೊ ಎಲ್ಲಾ ಹರವಿಡೋ ಹಳ್ಳಿ ತಿಂಡಿ ಎಲ್ಲಾ ಸಿಗತ್ತೆ, ಇಬ್ಬರಿಗೆ ಸೇರಿ ಒಂದೇ ಕೊಡ್ತಾರಾ ಅಂತ ಮೊದ್ಲೇ ಕೇಳ್ಕೊಳ್ಳಿ. ರೇಟು ಹಳೇ ರಿವ್ಯೂ ನೋಡಿ ನಂಬ್ಬೇಡಿ, ಟರ್ಕಿ ದುಡ್ಡು ಲೀರಾದ ಬೆಲೆ ಒಂದೇ ಕಡೆ ನಿಲ್ಲಲ್ಲ.

ಇನ್ನೊಂದು ವಿಷ್ಯ, ಊರಾಚೆ ಹತ್ರದಲ್ಲೇ ನೆಸಿನ್ ಗಣಿತ ಗ್ರಾಮ ಇದೆ, 2007ರಲ್ಲಿ ಶುರುವಾಗಿದ್ದು, ಕಲ್ಲು ಕಟ್ಟಡಗಳ ಮಧ್ಯೆ ಮಕ್ಕಳು ಗಣಿತ ಕಲೀತಾರೆ. ಅದನ್ನ ಕಟ್ಟಿದ ಗಣಿತಜ್ಞ ಅಲಿ ನೆಸಿನ್‌ಗೆ 2018ರಲ್ಲಿ, ಗಣಿತವನ್ನ ಜನರ ಹತ್ರ ತರೋರಿಗೆ ಕೊಡೋ ಲೀಲಾವತಿ ಪ್ರಶಸ್ತಿ ಬಂತು, ದುಡ್ಡು ಕೊಡೋದು ನಮ್ಮ ಬೆಂಗಳೂರಿನ ಇನ್ಫೋಸಿಸ್! ವೈನ್ ಅಂಗಡಿಗಿಂತ ನಂಗೆ ಇದೇ ಜಾಸ್ತಿ ಖುಷಿ ಕೊಡ್ತು.

ಶನಿವಾರ ಭಾನುವಾರ ದೊಡ್ಡ ಸಿಟಿ ಇಜ್ಮಿರ್‌ನ ಜನ ಕಾರ್ ತಗೊಂಡು ಬಂದು ತುಂಬ್ಕೋತಾರೆ, ವಾರದ ದಿನ ಬೆಳಗ್ಗೆನೇ ಹೋಗಿ. ನಾಲ್ಕು ಸ್ಟಾರ್, ಒಂದು ಕಟ್ ಮಾಡಿದ್ದು ಪೀಚ್ ವೈನಿಗೆ. ಒಳ್ಳೆ ಶೂ ಹಾಕ್ಕೊಳ್ಳಿ, ಕಲ್ಲು ಹಾಸಿನ ದಾರಿ ಮಳೆ ಬಂದ್ರೆ ಜಾರತ್ತೆ.