ತಿರ್ಹುತಾ ಅಂಕಿ: ಯಾವ ಕೋಡ್‌ನಲ್ಲಿ ಟೈಪ್ ಮಾಡೋದು?

ಮಿಥಿಲೆಯ ಹಳೆಯ ಪಂಜಿಗಳು, ಅಂದರೆ ವಂಶಾವಳಿಯ ಓಲೆಗಳು, ಮೈಥಿಲಿ ಭಾಷೆಯ ಹಳೆಯ ಲಿಪಿಯಾದ ತಿರ್ಹುತಾದಲ್ಲಿವೆ. ಅಂಥದ್ದನ್ನು ಕಂಪ್ಯೂಟರಿಗೆ ಹಾಕುವಾಗ ಅಂಕಿಗೆ ಮೂರು ದಾರಿ: ತಿರ್ಹುತಾದ ಸ್ವಂತ ಕೋಡ್, ಬಂಗಾಳಿ, ದೇವನಾಗರಿ.

ಬಂಗಾಳಿ ಅಂಕಿ ಆಸೆ ಹುಟ್ಟಿಸುತ್ತದೆ. ಎರಡೂ ಲಿಪಿ ನೆಂಟರೇ, ಫಾಂಟ್ ಎಲ್ಲ ಫೋನಿನಲ್ಲೂ ಇದೆ. ಆದರೆ ನೋಡಲು ಹತ್ತಿರ ಅಂತ ಕೋಡನ್ನೂ ಎರವಲು ತಂದರೆ, ನಾಳೆ ಹುಡುಕುವವರಿಗೆ ಅದು ಬಂಗಾಳಿ ಪಠ್ಯವಾಗಿಯೇ ಸಿಗುತ್ತದೆ. ಕಣ್ಣಿಗೂ ಮೋಸ ಇದೆ: ಬಂಗಾಳಿಯ ನಾಲ್ಕು ನಮ್ಮ ಕಣ್ಣಿಗೆ ಥೇಟ್ 8!

ಪ್ರತಿ ಅಕ್ಷರಕ್ಕೂ ಒಂದು ಕೋಡ್ ಕೊಡುವ ಜಾಗತಿಕ ಪಟ್ಟಿ ಯೂನಿಕೋಡ್. ಅದರ 2014ರ 7.0 ಆವೃತ್ತಿಯಲ್ಲಿ ತಿರ್ಹುತಾಗೆ ಸ್ವಂತ ಜಾಗ ಸಿಕ್ಕಿತು, ಸೊನ್ನೆಯಿಂದ ಒಂಬತ್ತರವರೆಗೂ. ಇವು ಬರೀ ಚಿತ್ರಗಳಲ್ಲ, ಬೆಲೆಯಿರುವ ಅಂಕಿಗಳು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಕೊಟ್ಟರೆ ಸುಮ್ನೆ ಸಂಖ್ಯೆ ಮಾಡಿಕೊಳ್ಳುತ್ತದೆ. ತೊಡಕು ಜಾಗದ್ದು. ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ವಿಧಾನದಲ್ಲಿ ಒಂದು ತಿರ್ಹುತಾ ಅಂಕಿಗೆ 4 ಬೈಟ್ ಬೇಕು, ದೇವನಾಗರಿಗೂ ಬಂಗಾಳಿಗೂ (ಕನ್ನಡಕ್ಕೂ) 3. ನಾಲ್ಕಂಕಿಯ ಇಸವಿಗೆ 16 ಬೈಟ್. ಅದು ದೊಡ್ಡದಲ್ಲ ಬಿಡಿ. ಆದರೆ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನ ಹಳೆಯ 3 ಬೈಟಿನ 'ಯುಟಿಎಫ್8'ನಲ್ಲಿ ಇದು ಕೂರುವುದೇ ಇಲ್ಲ, 'ಯುಟಿಎಫ್8ಎಂಬಿ4' ಬೇಕು. ಫಾಂಟ್ ಇಲ್ಲದ ಕಡೆ ಖಾಲಿ ಚೌಕ ಕಾಣುತ್ತದೆ. ನೋಟೋ ಸಾನ್ಸ್ ತಿರ್ಹುತಾ ಹಾಕಿಕೊಳ್ಳಿ.

ಇಂದಿನ ಮೈಥಿಲಿ ಓದುಗರಿಗಾದರೆ ದೇವನಾಗರಿ ಸಾಕು, ಅವರು ಓದುವುದೇ ಅದರಲ್ಲಿ ಜಾಸ್ತಿ. ಓಲೆಯ ಪ್ರತಿಗೆ ಮಾತ್ರ ನನ್ನ ಓಟು ತಿರ್ಹುತಾಗೇ. ದೇವನಾಗರಿಗೆ ಬದಲಿಸೋದನ್ನು ಆಮೇಲೆ ಪ್ರೋಗ್ರಾಂ ಮಾಡುತ್ತೆ, ಅಲ್ವಾ?